ಕೆರೆದಂಡೆಯ ಪಾಪ್ಲರ್ ಸಾಲು

ಕೆಳಗೇಟಿನ ಮನೆ, ವುಲ್ವರ್ನ್
ಹೆರಿಫರ್ಡ್‌ಶೈರ್
22 ನವೆಂಬರ್ 1984

ಪ್ರೀತಿಯ ವಿಲ್ಫ್,

ನಿನ್ನೆ ನಾನು ದೊಡ್ಡಮನೆಯ ತೋಪಿಗೆ ಕೆಲಸಕ್ಕೆ ಹೋಗಿದ್ದೆ. ನಗಬೇಡ. ಸಂಬಳವಿಲ್ಲದ ಕೆಲಸ. ಮನೆಯೊಡತಿ ಲೇಡಿ ತೀರಿಕೊಂಡ ಮೇಲೆ ಎಸ್ಟೇಟು ಒಂದು ಟ್ರಸ್ಟಿನ ಕೈಸೇರಿದ್ದನ್ನು ಬರೆದಿದ್ದೆನಲ್ಲ, ಅವರಿಗೆ ಮನೆಯ ಚಾವಣಿ ನೋಡಿಕೊಳ್ಳುವುದೇ ಕಷ್ಟ, ಇನ್ನು ಕಾಡು ನೋಡುವವರು ಯಾರು? ಅದಕ್ಕೆ ಚಳಿಗಾಲದ ಬುಧವಾರಗಳಂದು ಸುತ್ತಮುತ್ತಲಿನ ಸ್ವಯಂಸೇವಕರು ಸೇರುತ್ತಾರೆ. ಶಾಲೆಯ ಅಡುಗೆಮನೆ ಮುಚ್ಚಿದ ಮೇಲೆ ನನಗೆ ಎಲ್ಲ ವಾರಗಳೂ ಒಂದೇ ಆಗಿದ್ದವು. ಇವತ್ತು ಮಂಗಳವಾರವೋ ಶುಕ್ರವಾರವೋ ಎಂದಾದರೂ ಗೊತ್ತಾಗಲಿ ಎಂದು ಸೇರಿಕೊಂಡೆ.

ಎಸ್ಟೇಟಿನ ಕೆಲಸದಲ್ಲಿದ್ದಾಗ ಅಪ್ಪ ಸೊಂಟದ ಮಟ್ಟಕ್ಕೆ ಕತ್ತರಿಸಿಡುತ್ತಿದ್ದ ಲಾರೆಲ್ ಪೊದೆಗಳು ನೆನಪಿವೆಯೇ? ಈಗ ಅವು ಮನೆಯೆತ್ತರ ಬೆಳೆದಿವೆ. ಅವುಗಳ ಅಡಿಯಲ್ಲಿ ಒಂದು ಹುಲ್ಲೆಸಳೂ ಇಲ್ಲ, ನಾವು ಓಡಾಡಿದ ಕಾಲುದಾರಿಯೂ ಇಲ್ಲ. ಕಡಿಯುವುದು, ಎಳೆಯುವುದು, ಬೆಂಕಿಗೆ ಹಾಕುವುದು, ಇಷ್ಟೇ ಕೆಲಸ. ಸಂಜೆಯ ಹೊತ್ತಿಗೆ ಒಂದು ಸಣ್ಣ ಕೋಣೆಯಷ್ಟು ಆಕಾಶ ತೆರೆದುಕೊಂಡಿತ್ತು. ಬೆನ್ನು ನೋಯುತ್ತಿದೆ, ಆದರೂ ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ನಮ್ಮ ಗುಂಪಿನ ಮುಂದಾಳು ರೋಲಂಡ್ ಟಫಿನ್ ಎಂಬುವರು. ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದವರು, ಲೆಮ್‌ಸ್ಟರ್ ಸ್ಟೇಷನ್ನಿನ ಹಿಂದಿನ ಸಾಲಿನಲ್ಲಿ ಮನೆ. ಹೆಂಡತಿ ತೀರಿಕೊಂಡಿದ್ದಾರೆ, ಒಬ್ಬ ಮಗಳು ದೂರದ ನಾರ್ತಂಬರ್ಲೆಂಡಿನಲ್ಲಿ. ನಾನು ಮಚ್ಚು ಬೀಸುವುದನ್ನು ಸ್ವಲ್ಪ ಹೊತ್ತು ನೋಡಿ ಹತ್ತಿರ ಬಂದು, "ಎನಿಡ್, ಅದು ಕೋಸಲ್ಲ. ತಪ್ಪಿದ್ರೆ ನಿಮ್ಮ ಮೊಣಕಾಲೇ ಹೋಗುತ್ತೆ" ಅಂದರು. "ಮೂವತ್ತು ವರ್ಷ ಶಾಲೇಲಿ ಕೋಸು ಹೆಚ್ಚಿದೀನಿ, ಮೊಣಕಾಲು ಎರಡೂ ಇನ್ನೂ ಇವೆ" ಅಂದೆ. ಅವರು ನಗಲಿಲ್ಲ. ಆಮೇಲೆ ಬೆಂಕಿಯ ಬೂದಿಯಲ್ಲಿ ಸುಟ್ಟ ಆಲೂಗಡ್ಡೆಗಳಲ್ಲಿ ದೊಡ್ಡದನ್ನು ಆರಿಸಿ ನನಗೆ ಕೊಟ್ಟರು.

ನಿನ್ನ ಕಳೆದ ಕಾಗದ ಓದಲು ಎರಡು ಸಂಜೆ ಹಿಡಿಯಿತು. ದಿಮ್ಮಿ ಬಿದ್ದು ಸೆಟೆದುಹೋದ ಬೆರಳು ಎಂದು ಇನ್ನೂ ಎಷ್ಟು ವರ್ಷ ರಿಯಾಯಿತಿ ಕೊಡಲಿ? ನೊರೀನ್ ಕೈಲಾದರೂ ಬರೆಸು.

ನಿನ್ನ ತಂಗಿ,
ಎನಿಡ್

*

ಹ್ಯೂಅನ್ ಕಣಿವೆ, ಟ್ಯಾಸ್ಮೇನಿಯಾ
9 ಡಿಸೆಂಬರ್ 1984

ಪ್ರೀತಿಯ ಎನಿಡ್,

ನನ್ನ ಕೈಯಲ್ಲೇ ಬರೆಯುತ್ತಿದ್ದೇನೆ. ಹೆಂಡತಿಯ ಕೈಯಲ್ಲಿ ಬರೆಸಿದರೆ ಅದು ಅವಳ ಕಾಗದವಾಗುತ್ತದೆ, ನನ್ನದಲ್ಲ. ಕಷ್ಟಪಟ್ಟು ಓದು.

ಇಲ್ಲಿ ಬೇಸಿಗೆ ಶುರು. ಕಾಯಿಗಳು ಗೋಲಿ ಗಾತ್ರವಾಗಿವೆ. ಗೊಂಚಲಿಗೆ ಒಂದೆರಡು ಬಿಟ್ಟು ಉಳಿದದ್ದನ್ನು ಕಿತ್ತು ಹಾಕುತ್ತಿದ್ದೇವೆ. ಬ್ರಿಟನ್ನಿಗೆ ನಮ್ಮ ಸೇಬು ಬೇಡವಾದ ಮೇಲೆ ಅರ್ಧ ತೋಟವನ್ನು ಬುಲ್ಡೋಜರಿಗೆ ಕೊಟ್ಟೆ, ಬರೆದಿದ್ದೆ. ಉಳಿದ ಅರ್ಧ ನಮ್ಮಿಬ್ಬರಿಗೆ ಸಾಕು.

ನೀನು ಹೊರಗೆ ಹೋಗಿ ನಾಲ್ಕು ಜನರ ಜೊತೆ ಕೆಲಸ ಮಾಡುತ್ತಿರುವುದು ಒಳ್ಳೆಯದಾಯಿತು. ಅಪ್ಪನ ಕೊನೆಗಾಲ, ಆಮೇಲೆ ಅಮ್ಮನದು, ಎಲ್ಲವನ್ನೂ ನೀನೊಬ್ಬಳೇ ನೋಡಿಕೊಂಡೆ. ನಾನು ಇಲ್ಲಿದ್ದೆ. ಟಫಿನ್ ಅವರಿಗೆ ನನ್ನ ವಂದನೆ ಹೇಳು. ದೊಡ್ಡ ಆಲೂಗಡ್ಡೆ ಕೊಡುವ ಮನುಷ್ಯ ಕೆಟ್ಟವನಿರಲಾರ ಎಂದು ನೊರೀನ್ ಹೇಳುತ್ತಾಳೆ.

ಕೆರೆದಂಡೆಯ ಪಾಪ್ಲರ್‌ಗಳು ಇನ್ನೂ ನಿಂತಿವೆಯೇ? ನೀನು ಬರೆಯಲಿಲ್ಲ.

ವಿಲ್ಫ್

*

ವುಲ್ವರ್ನ್
6 ಜನವರಿ 1985

ಪ್ರೀತಿಯ ವಿಲ್ಫ್,

ನಿಂತಿವೆ, ನಿಂತಿವೆ. ನೀನು ಆ ಮರಗಳ ಬಗ್ಗೆ ಕೇಳಿದ್ದನ್ನು ನೋಡಿದರೆ, ಊರು ಬಿಟ್ಟು ಮೂವತ್ತೈದು ವರ್ಷವಾದರೂ ನಿನ್ನ ಮನಸ್ಸು ಅಲ್ಲೇ ಇದೆ ಎಂದಾಯಿತು. ಈಗ ಅವು ಚರ್ಚಿನ ಗೋಪುರವನ್ನೂ ಮರೆಮಾಡುವಷ್ಟು ಎತ್ತರ. ನಿನಗೆ ಎಂದೂ ಬರೆದಿರಲಿಲ್ಲವೇನೋ: ಅಪ್ಪ ಕೈಲಾಗುವ ತನಕ ಪ್ರತಿ ಭಾನುವಾರ ಕೆರೆಯ ತನಕ ನಡೆದು ಹೋಗುತ್ತಿದ್ದ. ಒಂದೊಂದೇ ಮರದ ತೊಗಟೆ ಸವರಿ, "ಇದರಲ್ಲಿ ನನ್ನ ಮಗನ ಕೈ ಇದೆ" ಅನ್ನುತ್ತಿದ್ದ. ಬೇರೇನೂ ಹೇಳುತ್ತಿರಲಿಲ್ಲ. ಅಪ್ಪ ಯಾರನ್ನೂ ಹೊಗಳಿದವನಲ್ಲ, ನಿನಗೆ ಗೊತ್ತು. ಅಷ್ಟು ಹೇಳಿದ್ದೇ ಹೆಚ್ಚು.

ಚಳಿ ವಿಪರೀತ. ಕೆರೆಯ ಅಂಚು ಹೆಪ್ಪುಗಟ್ಟಿದೆ. ಕಳೆದ ವಾರ ಹೇಸಲ್ ಗಿಡಗಳನ್ನು ಬುಡಕ್ಕೆ ಕಡಿದೆವು. ಹೀಗೆ ಕಡಿದರೇ ವಸಂತದಲ್ಲಿ ಹೊಸದಾಗಿ ಚಿಗುರುವುದಂತೆ. ಇದು ಅಪ್ಪ ಮಾಡುತ್ತಿದ್ದದ್ದೇ. ಆಗ ನನಗೆ ಅದು ಬರೀ ಕಡಿಯುವುದಾಗಿ ಕಾಣುತ್ತಿತ್ತು.

ಟ್ರಸ್ಟಿನ ಅಧಿಕಾರಿ ಮಿಸ್ ಕ್ವೇಲ್ ಎಂಬಾಕೆ ಕೆಂಪು ಬಣ್ಣ ತುಂಬಿದ ಡಬ್ಬ ಹಿಡಿದುಕೊಂಡು ಕೆರೆದಂಡೆಯಲ್ಲಿ ಸುತ್ತುತ್ತಿದ್ದಳು. ಆ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ನೀನು ತಲೆ ಕೆಡಿಸಿಕೊಳ್ಳುವಂಥದ್ದೇನಲ್ಲ.

ಇನ್ನೊಂದು ಸಂಗತಿ. ರೋಲಂಡ್ ನನ್ನನ್ನು ಸಮುದ್ರ ನೋಡಲು ಕರೆದಿದ್ದಾರೆ. ಗಮ್‌ಬೂಟಿನ ಕೆಸರು ಕೆರೆಯುತ್ತಾ, ನನ್ನ ಮುಖ ನೋಡದೆ, "ನನಗೆ ರೈಲ್ವೆ ಪಾಸಿದೆ. ಈಸ್ಟರ್‌ಗೆ ಅಬರಿಸ್ಟ್ವಿತ್ ತನಕ ಹೋಗಿಬರಬಹುದು. ನಿಮಗೂ ಬರೋ ಮನಸ್ಸಿದ್ರೆ" ಅಂದರು. ಯೋಚಿಸಿ ಹೇಳುತ್ತೇನೆ ಅಂದೆ. ಐವತ್ತೇಳು ವರ್ಷದ ಹೆಂಗಸಿಗೆ ಯೋಚಿಸಲು ಏನಿರುತ್ತದೋ ಕಾಣೆ. ಮನೆಗೆ ಬಂದು ಕೋಟು ತೆಗೆಯದೆ ಬಹಳ ಹೊತ್ತು ಕುರ್ಚಿಯಲ್ಲಿ ಕೂತಿದ್ದೆ.

ಈ ವರ್ಷವಾದರೂ ಬರುತ್ತೀಯಾ?

ಎನಿಡ್

*

ಹ್ಯೂಅನ್ ಕಣಿವೆ
27 ಜನವರಿ 1985

ಪ್ರೀತಿಯ ಎನಿಡ್,

ಸಮುದ್ರಕ್ಕೆ ಹೋಗು. ಯೋಚಿಸಬೇಡ.

ಬರುವ ಮಾತು ಈ ವರ್ಷವೂ ಆಗದು. ಫೆಬ್ರವರಿಯಿಂದ ಹಣ್ಣು ಕೀಳುವ ಕಾಲ. ನೊರೀನ್ ಒಬ್ಬಳ ಮೇಲೆ ಬಿಟ್ಟು ಬರಲಾರೆ.

ಅಪ್ಪ ಹಾಗೆ ಹೇಳುತ್ತಿದ್ದ ಎಂದು ನನಗೆ ಗೊತ್ತಿರಲಿಲ್ಲ. ಆ ಸಾಲನ್ನು ಮೂರು ಸಲ ಓದಿದೆ. ಅಪ್ಪನೂ ನಾನೂ ಸಸಿ ನೆಟ್ಟ ಆ ಚಳಿಗಾಲದ ಒಂದೊಂದು ಗುಂಡಿಯೂ ನೆನಪಿದೆ. ನೆಲ ಕಬ್ಬಿಣದಂತಿತ್ತು. ನಿನಗಾಗ ಹನ್ನೊಂದು. ಬುಟ್ಟಿಯಲ್ಲಿ ನಮಗೆ ರೊಟ್ಟಿ, ಚೀಸು ತರುತ್ತಿದ್ದೆ. ನಿನಗೆ ಆ ಮರಗಳ ಮೇಲೆ ಎಷ್ಟು ಪ್ರೀತಿ ಎಂದು ಗೊತ್ತು.

ಒಂದು ಮಾತು ಬರೆಯಬೇಕೆಂದು ಇನ್ನೊಂದು ಹಾಳೆ ತೆಗೆದೆ. ಹೊತ್ತಾಯಿತು, ಅಂಚೆಯವನು ಬರುತ್ತಾನೆ. ಮತ್ತೆ ಬರೆಯುತ್ತೇನೆ.

ವಿಲ್ಫ್

*

ವುಲ್ವರ್ನ್
17 ಫೆಬ್ರವರಿ 1985

ಪ್ರೀತಿಯ ವಿಲ್ಫ್,

ಮರಗಳು ಉಳಿದವು. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿ ನಿನಗೆ ಗಾಬರಿಯಾದೀತು.

ಆ ಕೆಂಪು ಬಣ್ಣ ಪಾಪ್ಲರ್‌ಗಳಿಗೇ ಬಿದ್ದದ್ದು. ಪ್ರತಿ ಮರದ ಸೊಂಟಕ್ಕೂ ಒಂದು ಬಳೆಯಂತೆ, ಕಡಿಯಬೇಕೆಂಬ ಗುರುತು. ದೊಡ್ಡಮನೆಯ ಹಜಾರದಲ್ಲಿ ಹಳೆಯ ಚಿತ್ರವೊಂದಿದೆ: ಮನೆಯ ಕಿಟಕಿಯಿಂದ ಕೆರೆ, ಅದರಾಚೆ ಹುಲ್ಲುಗಾವಲು, ಅದರಾಚೆ ನಮ್ಮ ಚರ್ಚು. ಇನ್ನೂರು ವರ್ಷದ ಹಿಂದೆ ಎಸ್ಟೇಟು ಹಾಗೆ ಕಾಣುತ್ತಿತ್ತಂತೆ. ಅದನ್ನೇ ಮತ್ತೆ ತರಬೇಕೆಂದು ಟ್ರಸ್ಟಿನ ಆಸೆ. ಪಾಪ್ಲರ್‌ಗಳು ಅಡ್ಡ. ಅವು ಹಳೆಯವೂ ಅಲ್ಲ, ಚಂದವೂ ಅಲ್ಲ, ಟಾರು ರಸ್ತೆ ಕಾಣದಿರಲಿ ಎಂದು ಆಗಿನ ಯಜಮಾನರು ಅವಸರದಲ್ಲಿ ನೆಡಿಸಿದ್ದು ಎಂದು ಮಿಸ್ ಕ್ವೇಲ್ ಹೇಳಿದಳು. ಯಾರು ನೆಟ್ಟರು ಎಂಬುದು ಅವಳಿಗೆ ಗೊತ್ತಿಲ್ಲ.

ನಿನಗೆ ಮೊದಲೇ ಬರೆಯಲಿಲ್ಲ, ಯಾಕೆಂದರೆ ಅಷ್ಟು ದೂರ ಕೂತು ನೀನು ಸಂಕಟಪಡುವುದು ನನಗೆ ಬೇಡವಾಗಿತ್ತು. ನಾನೇ ತಡೆದು, ಆಮೇಲೆ ಹೇಳೋಣವೆಂದಿದ್ದೆ.

ಕಳೆದ ಬುಧವಾರ ಕುದುರೆಲಾಯದಲ್ಲಿ ಎಲ್ಲರನ್ನೂ ಕೂರಿಸಿ ಅಭಿಪ್ರಾಯ ಕೇಳಿದರು. ರೋಲಂಡ್ ಎದ್ದು ಕಡಿಯುವುದೇ ಸರಿ ಅಂದರು. ನನಗೆ ನಂಬಲಾಗಲಿಲ್ಲ. ಹಿಂದಿನ ವಾರವಷ್ಟೇ ಅವರಿಗೆ ಎಲ್ಲ ಹೇಳಿದ್ದೆ, ನಿನ್ನ ವಿಷಯ, ಅಪ್ಪನ ಭಾನುವಾರಗಳು, ಎಲ್ಲ. ಅವರು ನನ್ನ ಕಡೆಗೇ ತಿರುಗಿ ಮೆಲ್ಲಗೆ ಹೇಳಿದರು: "ಎನಿಡ್, ನಾನು ಕೊಡಲಿ ಹಿಂಬದಿಯಿಂದ ತಟ್ಟಿ ನೋಡಿದೀನಿ. ಒಳಗೆ ಟೊಳ್ಳು. ಶಾಲೆ ಮಕ್ಕಳು ಆ ದಾರೀಲೇ ನಡೆದು ಹೋಗ್ತವೆ. ನಿಮಗೆ ಬೇಜಾರಾಗುತ್ತೆ ಅಂತ ಗೊತ್ತು, ಆದ್ರೂ ಸುಳ್ಳು ಹೇಳಲಾರೆ."

ಆಗ ನಾನು ಎದ್ದೆ. ವಿಲ್ಫ್, ಅಷ್ಟು ಜನರ ಎದುರು ನಾನು ಎಂದೂ ಮಾತಾಡಿದವಳಲ್ಲ. ಆ ಮರಗಳಲ್ಲಿ ನನ್ನ ಅಣ್ಣನ ಕೈ ಇದೆ ಅಂದೆ. ಹದಿನಾಲ್ಕು ವರ್ಷದ ಹುಡುಗ ಹೆಪ್ಪುಗಟ್ಟಿದ ನೆಲ ಅಗೆದು ನೆಟ್ಟಿದ್ದು, ಭೂಮಿಯ ಆಚೆ ತುದಿಯಿಂದ ಇವತ್ತಿಗೂ ಅವನ್ನು ಕೇಳುತ್ತಾನೆ ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ರೋಲಂಡ್ ಕಡೆ ತಿರುಗಿ, "ನಿಮಗೆ ಇದೆಲ್ಲ ಹೇಗೆ ಅರ್ಥವಾಗುತ್ತೆ? ಜೀವಮಾನವೆಲ್ಲ ಹೋಗೋ ರೈಲಿಗೆ ಸಿಗ್ನಲ್ ಕೊಟ್ಟವರು ನೀವು. ಹೆಂಡತಿ ಹೋದ್ಮೇಲೆ ಬುಧವಾರ ಕಳೆಯೋಕೆ ಇಲ್ಲಿಗೆ ಬಂದಿದೀರಿ" ಅಂದೆ.

ಅವರು ಟೋಪಿಯನ್ನು ಮಡಿಲಲ್ಲಿ ಒಮ್ಮೆ ತಿರುಗಿಸಿ, "ಅದೂ ನಿಜ" ಅಂದು ಕೂತರು.

ಮಿಸ್ ಕ್ವೇಲ್ ಸದ್ಯಕ್ಕೆ ಮರ ಮುಟ್ಟುವುದಿಲ್ಲ, ದಾರಿಯನ್ನೇ ಬೇರೆ ಕಡೆ ತಿರುಗಿಸುತ್ತೇವೆ ಅಂದಳು. ಹಾಗಾಗಿ ಗೆದ್ದೆ. ಮಾತು ಸ್ವಲ್ಪ ಖಾರವಾಯಿತು, ಗೊತ್ತು. ಆದರೆ ಅವರಿಗೂ ತಿಳಿಯಬೇಕಿತ್ತು. ನಿನಗೆ ಸಂತೋಷವಾಯಿತೆಂದು ನಾಲ್ಕು ಸಾಲು ಬರೆ. ಅದನ್ನು ಅವರಿಗೆ ತೋರಿಸುತ್ತೇನೆ. ಆಗ ಅವರಿಗೆ ಅರ್ಥವಾಗುತ್ತದೆ, ನಾನು ಯಾಕೆ ಹಾಗೆ ಆಡಿದೆ ಎಂದು.

ಎನಿಡ್

*

ವುಲ್ವರ್ನ್
17 ಮಾರ್ಚ್ 1985

ಪ್ರೀತಿಯ ವಿಲ್ಫ್,

ನಿನ್ನ ಕಾಗದ ಬರಲಿಲ್ಲ. ಹಣ್ಣಿನ ಕಾಲವೆಂದು ಗೊತ್ತು. ಆದರೂ ನಾಲ್ಕು ಸಾಲು ಸಾಕಿತ್ತು.

ರೋಲಂಡ್ ಆಮೇಲೆ ಎರಡು ಬುಧವಾರ ಬಂದರು. ಬೆಂಕಿಯ ಆಚೆ ಬದಿಯಲ್ಲೇ ಕೆಲಸ ಮಾಡಿದರು. ಆ ಮೇಲೆ ಬರುವುದನ್ನು ನಿಲ್ಲಿಸಿದರು. ಮೊನ್ನೆ ಬೆಳಗ್ಗೆ ಕಿಟಕಿಯಿಂದ ನೋಡುತ್ತೇನೆ, ಅವರ ಸಣ್ಣ ವ್ಯಾನು ನನ್ನ ಗೇಟಿನ ಮುಂದೆ ನಿಂತಿದೆ. ಹೇಸಲ್ ಕೋಲುಗಳ ಒಂದು ಕಟ್ಟು ಇಳಿಸಿ ಗೋಡೆಗೆ ಒರಗಿಸಿದರು. ಅವರೆ ಬಳ್ಳಿ ಹಬ್ಬಿಸಲು ಕೋಲು ಬೇಕೆಂದು ಎಂದೋ ಹೇಳಿದ್ದೆ. ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡುತ್ತಾ ನಿಂತರು. ನಾನು ಪರದೆಯ ಹಿಂದೆ ಇದ್ದೆ, ಕೈಯಲ್ಲಿ ಹಿಟ್ಟು.

ಬಾಗಿಲು ತೆರೆಯಲಿಲ್ಲ. ತೆರೆದರೆ ನಾನೇ ಮೊದಲು ಕ್ಷಮೆ ಕೇಳಬೇಕಾಗುತ್ತಿತ್ತು. ನಿನ್ನ ಕಾಗದ ಕೈಯಲ್ಲಿದ್ದರೆ ಬೇರೆ ಮಾತು. ಅದನ್ನು ಮುಂದಿಟ್ಟು, ನೋಡಿ, ನಾನು ಹಾಗೆ ಆಡಿದ್ದು ಇದಕ್ಕೆ ಅನ್ನಬಹುದಿತ್ತು. ಬರಲಿ, ಅವರ ಮನೆಗೇ ತೆಗೆದುಕೊಂಡು ಹೋಗುತ್ತೇನೆ.

ಬೇಗ ಬರೆ. ಏಪ್ರಿಲ್ ಮೊದಲ ವಾರವೇ ಈಸ್ಟರ್.

ಎನಿಡ್

*

ಹ್ಯೂಅನ್ ಕಣಿವೆ
14 ಏಪ್ರಿಲ್ 1985

ಪ್ರೀತಿಯ ಎನಿಡ್,

ನಿನ್ನ ಎರಡೂ ಕಾಗದ ಬಂದಿವೆ. ಮೊದಲನೆಯದನ್ನು ಓದಿ ಮೇಜಿನ ಮೇಲಿಟ್ಟು ತೋಟಕ್ಕೆ ಹೋದೆ. ನೊರೀನ್ ಊಟಕ್ಕೆ ಕರೆದರೂ ಬರಲಿಲ್ಲ. ಆಮೇಲೆ ಉತ್ತರ ಬರೆದೆ. ಹರಿದೆ. ಮತ್ತೆ ಬರೆದೆ. ಮತ್ತೆ ಹರಿದೆ. ಸಂತೋಷವಾಯಿತು ಎಂದು ನಾಲ್ಕು ಸಾಲು ಬರೆದು ಲಕೋಟೆಗೂ ಹಾಕಿದೆ. ಅಂಚೆ ಡಬ್ಬದ ತನಕ ಹೋಗಿ ವಾಪಸು ತಂದು ಅದನ್ನೂ ಹರಿದೆ. ಇದನ್ನು ನೊರೀನ್ ಕೈಗೆ ಕೊಟ್ಟುಬಿಡುತ್ತೇನೆ. ಅವಳು ಹಾಕುತ್ತಾಳೆ.

ದಿಮ್ಮಿ ಬೀಳಲಿಲ್ಲ, ಎನಿಡ್.

ಆ ಜನವರಿಯಲ್ಲಿ ತಿಂಗಳ ಕೊನೆಯೊಳಗೆ ಸಾಲು ಮುಗಿಯಬೇಕೆಂದು ಯಜಮಾನರು ಅಪ್ಪನಿಗೆ ಹೇಳಿದ್ದರು. ಮಣ್ಣು ಗುದ್ದಲಿಗೆ ಬಗ್ಗುತ್ತಿರಲಿಲ್ಲ. ಬೆಂಕಿ ಹಾಕಿ ನೆಲ ಮೆತ್ತಗೆ ಮಾಡಿ ಅಗೆಯುತ್ತಿದ್ದೆವು. ಲೆಮ್‌ಸ್ಟರ್‌ನ ಬಡಗಿಯೊಬ್ಬ ನನ್ನನ್ನು ಕೆಲಸ ಕಲಿಯಲು ತೆಗೆದುಕೊಳ್ಳುತ್ತೇನೆ ಅಂದಿದ್ದ. ಸೋಮವಾರ ಬಾ ಅಂದಿದ್ದ. ಅದನ್ನು ನಾನು ಅಪ್ಪನಿಗೆ ಆ ಗುಂಡಿಯ ಪಕ್ಕದಲ್ಲೇ ಹೇಳಿದೆ, ಸೋಮವಾರದಿಂದ ಬರೋದಿಲ್ಲ ಎಂದು. ಅಪ್ಪನ ಕೈಯಲ್ಲಿ ಹಾರೆ ಇತ್ತು. ನನ್ನ ಕೈ ಗುದ್ದಲಿಯ ಹಿಡಿಯ ಮೇಲಿತ್ತು. ಅವನು ಕೈಗೆ ಗುರಿ ಇಟ್ಟಿದ್ದ ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಗುದ್ದಲಿಗೆ ಹೊಡೆಯಲು ಹೋಗಿದ್ದನೋ ಏನೋ.

ಅವನೇ ತನ್ನ ಮಫ್ಲರ್ ಬಿಚ್ಚಿ ಕಟ್ಟಿದ. ಮನೆಯ ಗೇಟಿನ ಹತ್ತಿರ ನಿಂತು, "ಅಮ್ಮನಿಗೆ ಏನು ಹೇಳ್ತೀಯ?" ಅಂದ. "ದಿಮ್ಮಿ ಬಿತ್ತು ಅಂತೀನಿ" ಅಂದೆ. ಅವನು ತಲೆಯಾಡಿಸಿದ. ಆ ಮೇಲೆ ಎಂದೂ ನನ್ನ ಮೇಲೆ ಕೈ ಎತ್ತಲಿಲ್ಲ. ನೇರ ನೋಡಲೂ ಇಲ್ಲ.

ಬಡಗಿ ಕೆಲಸ ಹೋಯಿತು. ಅದನ್ನಾದರೂ ನುಂಗಿಕೊಂಡೆ. ಯುದ್ಧ ಬಂತು. ಬಂದೂಕಿನ ಕುದುರೆ ಎಳೆಯಲಾಗದವನು ಬೇಡ ಎಂದು ಸೈನ್ಯದವರು ವಾಪಸು ಕಳಿಸಿದರು. ನನ್ನ ಜೊತೆಯವರೆಲ್ಲ ಹೋದರು, ಕೆಲವರು ಬರಲಿಲ್ಲ. ಒಂದು ಸಂಜೆ ಪಬ್ಬಿನಲ್ಲಿ ಕಮ್ಮಾರ ನನ್ನನ್ನು ತೋರಿಸಿ ಎಲ್ಲರಿಗೂ ಕೇಳುವ ಹಾಗೆ ಅಂದ: "ಪ್ರಾಸರ್ ಮಗನಿಗೆ ಒಳ್ಳೇ ಸಮಯಕ್ಕೆ ದಿಮ್ಮಿ ಬಿತ್ತು ನೋಡಿ." ಅಪ್ಪ ಅಲ್ಲೇ ನನ್ನ ಪಕ್ಕದಲ್ಲಿ ಕೂತಿದ್ದ. ತನ್ನ ಸೈಡರ್ ಲೋಟದೊಳಗೆ ನೋಡುತ್ತಿದ್ದ. ನಾನು ಹಡಗು ಹತ್ತಿದ್ದು ಹೊಡೆದದ್ದಕ್ಕಲ್ಲ, ಎನಿಡ್. ಆ ಸಂಜೆ ನಡೆದದ್ದಕ್ಕೆ.

ನಿನಗೆ ಹೇಳಲಿಲ್ಲ. ನೀನು ಅವನ ಜೊತೆ ಬಾಳಬೇಕಿತ್ತು, ನಾನು ಬಿಟ್ಟು ಬಂದವನು. ಅವನನ್ನು ನೀನು ಅಷ್ಟು ಪ್ರೀತಿಸುತ್ತಿದ್ದೆ. ಅದನ್ನು ಕೆಡಿಸಲು ನನಗೇನು ಹಕ್ಕು?

ಪಾಪ್ಲರ್‌ಗಳು ನಿಂತಿವೆಯೇ ಎಂದು ಕೇಳಿದ್ದು, ಬಿದ್ದಿವೆ ಎಂದು ನೀನು ಬರೆಯಲಿ ಎಂಬ ಆಸೆಯಿಂದ. ಅವು ಬೇಗ ಮುದಿಯಾಗುವ ಮರ, ಇಷ್ಟರಲ್ಲಿ ಬಿದ್ದಿರಬೇಕು ಎಂದುಕೊಂಡಿದ್ದೆ. ನೀನು ಅವುಗಳಿಗಾಗಿ ಎದ್ದು ನಿಂತೆ ಎಂದು ಓದಿದಾಗ ನನಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ.

ಆ ಮನುಷ್ಯ ಹೇಳಿದ್ದೇ ಸರಿ. ಹೋಗಿ ಹೇಳು. ಈ ಕಾಗದ ಬೇಕಾದರೆ ತೋರಿಸು. ಈಸ್ಟರ್ ಕಳೆಯಿತು, ನನಗೆ ಗೊತ್ತಿದೆ.

ವಿಲ್ಫ್

*

ವುಲ್ವರ್ನ್
5 ಮೇ 1985

ಪ್ರೀತಿಯ ವಿಲ್ಫ್,

ನಿನ್ನ ಕಾಗದ ಬಂದ ದಿನ ಏನೂ ಮಾಡಲಾಗಲಿಲ್ಲ. ಮಾರನೆಯ ದಿನ ಬಸ್ಸು ಹತ್ತಿ ಲೆಮ್‌ಸ್ಟರ್‌ಗೆ ಹೋದೆ. ರೋಲಂಡ್ ಅವರ ಮನೆಯ ಕಿಟಕಿಗಳಿಗೆ ಪರದೆ ಇರಲಿಲ್ಲ. ಬಗ್ಗಿ ನೋಡಿದರೆ ಒಳಗೆ ಬರೀ ನೆಲ. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತಿದ್ದಳು. ಅವರು ಮಗಳ ಊರಿಗೆ ಹೋದರು, ಇನ್ನು ಅಲ್ಲೇ ಇರುತ್ತಾರೆ ಅಂದಳು. ಯಾವಾಗ ಎಂದು ಕೇಳಿದೆ. "ಮಗಳು ಚಳಿಗಾಲದಿಂದ ಕರೀತಾನೇ ಇದ್ಲು. ಈಸ್ಟರ್ ಮುಗೀಲಿ ಅಂತಿದ್ರು. ಯಾಕೆ ಅಂತ ಹೇಳಲಿಲ್ಲ. ಈಸ್ಟರ್ ಮುಗೀತು, ಹೊರಟ್ರು" ಅಂದಳು. ನೀವು ಯಾರು ಎಂದು ಕೇಳಿದಳು. ಬುಧವಾರದವಳು ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ಕೂತಿದ್ದೆ. ಸ್ವಲ್ಪ ಇದೆ. ಫೆಬ್ರವರಿಯಲ್ಲೇ ಇದು ಬಂದಿದ್ದರೆ ಎಂದು ಪಾತ್ರೆ ತೊಳೆಯುವಾಗೆಲ್ಲ ಅನ್ನಿಸುತ್ತದೆ. ಆದರೆ ಆ ಬೆಳಗ್ಗೆ ಬಾಗಿಲ ಹಿಂದೆ ನಿಂತವಳು ನಾನು. ಅದಕ್ಕೆ ನಿನ್ನ ಕಾಗದ ಯಾಕೆ ಬೇಕಿತ್ತು? ಚಿಲಕ ನನ್ನ ಕೈಗೆ ಎಟಕುತ್ತಿತ್ತು.

ಅಪ್ಪನ ವಿಷಯ. ಆ ಭಾನುವಾರಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. "ಇದರಲ್ಲಿ ನನ್ನ ಮಗನ ಕೈ ಇದೆ." ನಾನು ಹೆಮ್ಮೆ ಎಂದುಕೊಂಡೆ. ಅವನು ನನಗೆ ಹೇಳಿಬಿಡಲು ನೋಡುತ್ತಿದ್ದನೇ? ಪ್ರತಿ ವಾರ ನನ್ನನ್ನೇ ಜೊತೆಗೆ ಕರೆಯುತ್ತಿದ್ದ. ನಾನು "ಹೌದಪ್ಪ, ಎಷ್ಟು ಚೆನ್ನಾಗಿ ಬೆಳೆದಿವೆ" ಅನ್ನುತ್ತಿದ್ದೆ. ಆ ಮೇಲೆ ಅವನು ಏನೂ ಹೇಳುತ್ತಿರಲಿಲ್ಲ. ನಾನು ಸುಮ್ಮನಿದ್ದಿದ್ದರೆ ಏನು ಹೇಳುತ್ತಿದ್ದನೋ.

ಇದನ್ನೇ ಕುದುರೆಲಾಯದಲ್ಲಿ ಅಷ್ಟು ಜನರ ಎದುರು ಗಟ್ಟಿಯಾಗಿ ಹೇಳಿದೆ, ನನ್ನ ಅಣ್ಣನ ಕೈ ಇದೆ ಎಂದು.

ನೀನು ಹೇಳದೆ ಇದ್ದದ್ದು ನನ್ನ ಒಳ್ಳೆಯದಕ್ಕೆ ಎಂದು ಗೊತ್ತು. ನಾನು ಕೆಂಪು ಬಣ್ಣದ ವಿಷಯ ಬರೆಯದೆ ಇದ್ದದ್ದೂ ನಿನ್ನ ಒಳ್ಳೆಯದಕ್ಕೇ.

ಎನಿಡ್

*

ಹ್ಯೂಅನ್ ಕಣಿವೆ
2 ಜೂನ್ 1985

ಪ್ರೀತಿಯ ಎನಿಡ್,

ಸಿಟ್ಟಿರಲಿ. ನನಗೆ ಅದು ಬೇಕು. ನಲವತ್ತಾರು ವರ್ಷ ಹೇಳದೆ ಇದ್ದವನಿಗೆ ಇನ್ನು ಎರಡು ತಿಂಗಳು ಏನು ಮಹಾ ಅಂದುಕೊಂಡೆ. ಆ ಎರಡೇ ತಿಂಗಳು ನಿನಗೆ ಬೇಕಿದ್ದವು ಎಂದು ಗೊತ್ತಾಗಲಿಲ್ಲ.

ಟಫಿನ್ ಅವರ ವಿಳಾಸ ಟ್ರಸ್ಟಿನವರ ಬಳಿ ಇದ್ದೇ ಇರುತ್ತದೆ. ತೆಗೆದುಕೊಂಡು ಬರೆ. ಉತ್ತರ ಬರದಿದ್ದರೂ ಬರೆ.

ಅಪ್ಪ ನಿನಗೆ ಹೇಳಲು ನೋಡುತ್ತಿದ್ದ ಎಂದು ನೀನು ಬರೆದದ್ದನ್ನು ನೊರೀನ್‌ಗೆ ಓದಿ ಹೇಳಿದೆ. ಕೊನೆಯ ತನಕ ಓದಲಾಗಲಿಲ್ಲ. ಅವಳು ಕಾಗದ ಕೈಗೆ ತೆಗೆದುಕೊಂಡು ಮುಗಿಸಿದಳು. ಅವನಿಗೆ ನಾನು ಒಂದೇ ಒಂದು ಕಾಗದ ಬರೆಯಬಹುದಿತ್ತು. ಅಮ್ಮನಿಗೆ ಬರೆದೆ, ನಿನಗೆ ಬರೆದೆ. ಅವನ ಹೆಸರಿಗೆ ಎಂದೂ ಬರೆಯಲಿಲ್ಲ.

ಇಲ್ಲಿ ಎಲೆ ಉದುರಿವೆ. ಕೊಂಬೆ ಸವರುವ ಕೆಲಸ ಶುರು.

ವಿಲ್ಫ್

*

ವುಲ್ವರ್ನ್
19 ಜನವರಿ 1986

ಪ್ರೀತಿಯ ವಿಲ್ಫ್,

ಈ ಬುಧವಾರ ಪಾಪ್ಲರ್‌ಗಳನ್ನು ಕಡಿದರು.

ಬೇಸಿಗೆಯಲ್ಲೇ ಮಿಸ್ ಕ್ವೇಲ್ ಹತ್ತಿರ ಹೋಗಿ, ನಾನು ಹೇಳಿದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ ಅಂದಿದ್ದೆ. ಕಾರಣ ಕೇಳಿದಳು. ಅಣ್ಣನನ್ನೇ ಕೇಳಿದೆ, ಅವನಿಗೆ ಬೇಡವಂತೆ ಅಂದೆ. ಅವಳು ಒಳ್ಳೆಯ ಹುಡುಗಿ, ಮುಂದೆ ಕೇಳಲಿಲ್ಲ.

ದೊಡ್ಡ ಯಂತ್ರದ ಗರಗಸಗಳನ್ನು ತಂದಿದ್ದರು. ನಮ್ಮ ಪಾಲಿಗೆ ಕೊಂಬೆ ಎಳೆದು ಸುಡುವ ಕೆಲಸ. ಮೊದಲನೆಯದು ಬಿದ್ದಾಗ ಎಲ್ಲರೂ ಸುತ್ತ ನೆರೆದರು. ಬುಡದೊಳಗೆ ತೋಳು ತೂರಿಸುವಷ್ಟು ಟೊಳ್ಳು, ಒಳಗೆಲ್ಲ ಒದ್ದೆ ಹುಡಿ. ಯಾರೂ ನನ್ನ ಕಡೆ ನೋಡಲಿಲ್ಲ. ಅವರಿಗೂ ನೆನಪಿತ್ತು, ರೋಲಂಡ್ ಹೇಳಿದ್ದು. ನೆನಪಿಗೆ ಒಂದು ತುಂಡು ಬೇಕೇ ಎಂದು ಗರಗಸದವನು ಕೇಳಿದ. ಬೇಡ ಅಂದೆ. ಅದು ಬೆಂಕಿಗೂ ಒಳ್ಳೆಯ ಮರವಲ್ಲ. ಹೊಗೆಯೇ ಹೆಚ್ಚು.

ಮಧ್ಯಾಹ್ನ ಮಿಸ್ ಕ್ವೇಲ್ ನಮ್ಮನ್ನೆಲ್ಲ ಕೆಸರುಗಾಲಲ್ಲೇ ದೊಡ್ಡಮನೆಯ ಹಜಾರಕ್ಕೆ ಕರೆದುಕೊಂಡು ಹೋಗಿ ಕಿಟಕಿಯ ಮುಂದೆ ನಿಲ್ಲಿಸಿದಳು. ಚಿತ್ರದಲ್ಲಿ ಇದ್ದ ಹಾಗೇ ಇದೆ. ಕೆರೆ, ಹುಲ್ಲುಗಾವಲು, ಚರ್ಚು. ಇಷ್ಟು ವರ್ಷ ಈ ಊರಲ್ಲಿದ್ದರೂ ಆ ಕಿಟಕಿಯಿಂದ ನಾನು ಹೊರಗೆ ನೋಡಿರಲಿಲ್ಲ. ಚರ್ಚಿನ ಅಂಗಳದ ಸಮಾಧಿ ಕಲ್ಲುಗಳೂ ಕಾಣುತ್ತವೆ. ಅಪ್ಪ ಅಮ್ಮನದು ಎಡಕ್ಕೆ, ಗೋಡೆಯ ಬದಿಗೆ. ಮನೆಗೆ ಹೋಗುವ ಮುಂಚೆ ಅಲ್ಲಿಗೆ ಹೋದೆ. ಅಪ್ಪನಿಗೆ ಬೈಯಬೇಕೆಂದಿದ್ದೆ. ಕಲ್ಲಿನ ಮೇಲಿನ ಪಾಚಿ ಉಗುರಿನಿಂದ ಕೆರೆದು ಬಂದೆ.

ರೋಲಂಡ್‌ಗೆ ಜೂನ್‌ನಲ್ಲೇ ಬರೆದಿದ್ದೆ. ಕ್ರಿಸ್‌ಮಸ್ಸಿಗೆ ಉತ್ತರ ಬಂತು. ಬಹಳ ಸೌಜನ್ಯದ ಕಾಗದ. ನಾನು ಆಡಿದ್ದನ್ನು ಅವರು ಮರೆತಿದ್ದಾರಂತೆ, ಹಾಗೆ ಬರೆದಿದ್ದಾರೆಂದರೆ ಮರೆತಿಲ್ಲ. ಅಲ್ಲಿಯೂ ಒಂದು ಹಳೆಯ ಎಸ್ಟೇಟಿನಲ್ಲಿ ಗುರುವಾರದ ಗುಂಪು ಸೇರಿದ್ದಾರಂತೆ. "ನಾವು ಹಳೆಯ ಕಲ್ಲುಗೋಡೆ ಕಟ್ಟುತ್ತಿದ್ದೇವೆ. ನಮಗೆ ಕಡಲು ಹತ್ತಿರ. ಭಾನುವಾರ ನಾವು ಮರಳಿನ ಮೇಲೆ ನಡೆಯುತ್ತೇವೆ." ಹೀಗೆ ಕಾಗದದ ತುಂಬ ನಾವು, ನಾವು. ಮೊದಲು ಮಗಳು ಮೊಮ್ಮಕ್ಕಳು ಇರಬೇಕು ಎಂದುಕೊಂಡೆ. ಕೊನೆಯಲ್ಲಿ ಇನ್ನೊಬ್ಬರ ಅಂದವಾದ ಅಕ್ಷರದಲ್ಲಿ, ನಿಮಗೂ ಹಬ್ಬದ ಶುಭಾಶಯ, ಮಾರ್ಗರಿ, ಎಂದಿತ್ತು. ಮಗಳ ಹೆಸರು ಅದಲ್ಲ.

ಒಳ್ಳೆಯದಾಗಲಿ. ಮನಸ್ಸಿನಿಂದಲೇ ಹೇಳುತ್ತಿದ್ದೇನೆ, ಆದರೆ ಆ ಮಾತು ಬರಲು ಮೂರು ವಾರ ಬೇಕಾಯಿತು.

ಈ ವರ್ಷ ಬುಧವಾರದವರನ್ನು ನಡೆಸಲು ನನ್ನನ್ನೇ ಕೇಳಿದ್ದಾರೆ. ಒಪ್ಪಿಕೊಂಡೆ. ಬಂದವರಲ್ಲಿ ಒಬ್ಬಾಕೆ ಹೊಸಬಳು, ಗಂಡನನ್ನು ಕಳೆದುಕೊಂಡವಳು, ಬಾಯಿ ಬಿಡುವುದೇ ಇಲ್ಲ. ಅವಳನ್ನು ಮಾತಾಡಿಸಲು ಹೋಗದೆ ಪಕ್ಕದಲ್ಲೇ ಕೆಲಸ ಮಾಡುತ್ತೇನೆ. ಅಷ್ಟಾದರೂ ಕಲಿತಿದ್ದೇನೆ.

ಮರಗಳು ಹೋದವು, ಇನ್ನಾದರೂ ಬರಬಹುದಲ್ಲ ಎಂದು ಕೇಳಬೇಕೆಂದಿದ್ದೆ. ಕೇಳುವುದಿಲ್ಲ. ಬರಲಾಗದಿದ್ದರೆ ಹಣ್ಣಿನ ಕಾಲ ಎನ್ನಬೇಡ, ಬರಲಾರೆ ಎಂದೇ ಬರೆ. ಚಳಿಗೆ ಆ ಬೆರಳುಗಳು ನೋಯುತ್ತವೆಯೇ? ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಅದನ್ನು ಬರೆ. ನಿನ್ನ ಅಕ್ಷರ ಹೇಗೇ ಇರಲಿ, ಬಿಡಿಸಿಕೊಂಡು ಓದುತ್ತೇನೆ. ಯಾವ ಕಾಗದ ಬರೆದು ಹರಿಯಬೇಕೆನ್ನಿಸುತ್ತದೋ, ವಿಲ್ಫ್, ಅದನ್ನೇ ಮೊದಲು ಅಂಚೆಗೆ ಹಾಕು.

ನಿನ್ನ,
ಎನಿಡ್